ಕಬ್ಬಿಣದ ಮಾತ್ರೆಗೆ ಮಣಿಯದ ರಕ್ತಹೀನತೆ

ಎದೆಯೆಲುಬಿನ ಹಿಂದೆ ಅಡಗಿರುವ ಥೈಮಸ್ ಗ್ರಂಥಿಯು, ಸ್ವಕೀಯವಾವುದು, ಪರಕೀಯವಾವುದು ಎಂಬ ವಿವೇಕವನ್ನು ದೇಹದ ರಕ್ಷಣಾಕಣಗಳಿಗೆ ಬಾಲ್ಯದಲ್ಲಿ ಕಲಿಸಿ, ಪ್ರಾಯ ಕಳೆದಂತೆ ಕೃಶವಾಗುತ್ತದೆ. ಅದರಲ್ಲಿ ಥೈಮೋಮ ಎಂಬ ಗೆಡ್ಡೆ ಬೆಳೆದಾಗ ಈ ವಿವೇಕವೇ ಕೆಟ್ಟು, ಆ ಕಣಗಳು ಸ್ವಂತ ಅಸ್ಥಿಮಜ್ಜೆಯ ಮೇಲೆಯೇ ಎರಗಿ, ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ನಿಲ್ಲಿಸಿಬಿಡುವುದುಂಟು. ವ್ಯಾಧಿ ವಿರಳ, ಆದರೆ ಗುರುತಿಸಿದರೆ ಚಿಕಿತ್ಸೆಯುಂಟು.

ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಿಯೂ ಮುಖ ಬಿಳಿಚಿಕೊಂಡೇ ಇದ್ದು, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುವವರು, ಮೊದಲು ರೆಟಿಕ್ಯುಲೊಸೈಟ್ ಎಣಿಕೆ ಮಾಡಿಸುವಂತೆ ವೈದ್ಯರನ್ನು ಕೇಳತಕ್ಕದ್ದು. ಇವು ಮಜ್ಜೆಯಿಂದ ಆಗತಾನೆ ಹೊರಬಂದ ಎಳೆಯ ಕೆಂಪು ಕಣಗಳು. ಹಿಮೋಗ್ಲೋಬಿನ್ ತೀರ ಇಳಿದಾಗ ಹೆಚ್ಚಬೇಕಾದ ಇವು ಶೇಕಡಾ 1ಕ್ಕಿಂತ ಕೆಳಗಿದ್ದು, ಬಿಳಿಯ ಕಣಗಳೂ ಪ್ಲೇಟ್‌ಲೆಟ್‌ಗಳೂ ಸರಿಯಾಗಿದ್ದರೆ ಸಂದೇಹಕ್ಕೆ ಬಲ ಬರುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳಾದುದರಿಂದ, ಉತ್ಪತ್ತಿ ನಿಂತ ಮೇಲೂ ರಕ್ತ ಮೆಲ್ಲಮೆಲ್ಲನೆಯೇ ಇಳಿಯುತ್ತದೆ. ರೋಗಿಯೂ ಮನೆಯವರೂ ಆ ಆಯಾಸಕ್ಕೆ ಒಗ್ಗಿಹೋಗುತ್ತಾರೆ.

ಆ ಬಳಿಕ ಸೊಂಟದ ಮೂಳೆಯಿಂದ ಮಜ್ಜೆಯನ್ನು ತೆಗೆದು ಪರೀಕ್ಷಿಸಬೇಕು. ಪಾರ್ವೊ ವೈರಸ್ಸಿನ ಸೋಂಕೂ ಕೆಲವು ಔಷಧಿಗಳೂ ಇದೇ ಲಕ್ಷಣವನ್ನು ತರಬಲ್ಲವಾದ್ದರಿಂದ ಅವನ್ನೂ ವಿಚಾರಿಸಬೇಕು. ಎದೆಯ ಸಿ.ಟಿ. ಸ್ಕ್ಯಾನನ್ನು ಬಿಡಕೂಡದು, ಸಣ್ಣ ಗೆಡ್ಡೆ ಎಕ್ಸ್‌ರೇಗೆ ಕಾಣದೆ ಹೋಗಬಹುದು.

ಗೆಡ್ಡೆ ಕಂಡುಬಂದರೆ ಶಸ್ತ್ರಕ್ರಿಯೆಗೆ ಆತುರಪಡುವ ಮುನ್ನ ಎರಡು ರಕ್ತಪರೀಕ್ಷೆಗಳು ಆಗಬೇಕು. ಒಂದು, ಮಯಾಸ್ಥೇನಿಯಾ ಎಂಬ ಸ್ನಾಯುದೌರ್ಬಲ್ಯದ ಪ್ರತಿಕಾಯಗಳದು. ಥೈಮೋಮ ಉಳ್ಳವರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಜನರಲ್ಲಿ ಇರಬಹುದಾದ ಈ ದೌರ್ಬಲ್ಯವನ್ನು ಮೊದಲೇ ಅರಿಯದಿದ್ದರೆ ಶಸ್ತ್ರಕ್ರಿಯೆಯ ತರುವಾಯ ಉಸಿರಾಟವೇ ಕುಂದೀತು. ಮತ್ತೊಂದು, ಸೋಂಕನ್ನು ಎದುರಿಸುವ ಇಮ್ಯುನೊಗ್ಲಾಬ್ಯುಲಿನ್‌ಗಳ ಪ್ರಮಾಣ. ಥೈಮೋಮದೊಡನೆ ಇವು ಕುಸಿಯುವ ಸ್ಥಿತಿಯನ್ನು ಅಮೆರಿಕದ ವೈದ್ಯ ರಾಬರ್ಟ್ ಗುಡ್ 1954ರಲ್ಲಿ ವರ್ಣಿಸಿದರು, ಅಂಥವರಿಗೆ ಸೋಂಕುಗಳು ಮೇಲಿಂದ ಮೇಲೆ ತಗಲುತ್ತವೆ.

ಗೆಡ್ಡೆಯನ್ನು ತೆಗೆದೊಡನೆ ರಕ್ತ ತಾನಾಗಿ ತುಂಬಿಕೊಳ್ಳುವುದೆಂದು ನಂಬಬಾರದು. ಬಹುಮಂದಿಗೆ ರಕ್ಷಣಾಕಣಗಳನ್ನು ಹತ್ತಿಕ್ಕುವ ಸೈಕ್ಲೊಸ್ಪೊರಿನ್ ಅಥವಾ ಸ್ಟೀರಾಯ್ಡ್ ಬೇಕಾಗುತ್ತದೆ. ಸೈಕ್ಲೊಸ್ಪೊರಿನ್ ಸೇವಿಸುವವರು ರಕ್ತದೊತ್ತಡವನ್ನೂ ಮೂತ್ರಪಿಂಡದ ಕ್ರಿಯಾಟಿನಿನ್ನನ್ನೂ ನಿಯತವಾಗಿ ನೋಡಿಸಿಕೊಳ್ಳಬೇಕು. ಈ ನಡುವೆ ರಕ್ತ ಕೊಡಿಸಬೇಕಾಗಿ ಬಂದರೆ, ಒಂದೊಂದು ಬಾಟಲಿಯೂ 200ರಿಂದ 250 ಮಿಲಿಗ್ರಾಂ ಕಬ್ಬಿಣವನ್ನು ದೇಹಕ್ಕೆ ಸೇರಿಸುತ್ತದೆಂಬುದನ್ನು ಮರೆಯದೆ, ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಇಂಥವರು ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಹಿತಕ್ಕಿಂತ ಅಹಿತವೇ ಹೆಚ್ಚು.

ಗ್ರಂಥಿಯನ್ನು ತೆಗೆಸಿ ವರ್ಷಗಳು ಕಳೆದ ಮೇಲೂ ಈ ರಕ್ತಹೀನತೆ ತಲೆದೋರಿದ ನಿದರ್ಶನಗಳಿವೆ. ಆದಕಾರಣ ಶಸ್ತ್ರಕ್ರಿಯೆಯ ಕಾಗದಪತ್ರಗಳನ್ನು ಜೋಪಾನವಾಗಿರಿಸಿಕೊಂಡು, ಆಯಾಸವೆಂದು ಯಾವ ವೈದ್ಯರ ಬಳಿಗೆ ಹೋದರೂ ಅವನ್ನು ಮೊದಲು ತೋರಿಸಿರಿ.