ನಮ್ಮೂರಿಗೆ ಬರುವ ಕೃಷಿ ವಿದ್ಯಾರ್ಥಿ: ಕಲಿಸುವುದೇನು, ಪಡೆಯುವುದೇನು?



ಮಲಪ್ರಭೆಯ ದಂಡೆಯ ಹೊಳೆಆಲೂರು ಮತ್ತು ಸುತ್ತಲಿನ ಹಳ್ಳಿಗಳು ಎರಿಭೂಮಿಯ ಹಳ್ಳಿಗಳು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ ನಮ್ಮ ಬೆಳೆಗಳು. ಇಂಥ ಊರಿಗೆ ಒಂದು ದಿನ ನಾಲ್ಕಾರು ಹುಡುಗ ಹುಡುಗಿಯರು ಚೀಲ ಹೊತ್ತು ಬಂದು, "ನಾವು ಕೃಷಿ ಕಾಲೇಜಿನವರು, ಕೆಲವು ತಿಂಗಳು ಇಲ್ಲಿದ್ದು ಕಲಿಯಲು ಬಂದಿದ್ದೇವೆ" ಎಂದರೆ ನಾವೇನು ಮಾಡಬೇಕು? ಕೆಲವರು ಅವರನ್ನು ಅಧಿಕಾರಿಗಳೆಂದು ತಿಳಿದು ಸಾಲದ, ಬೆಳೆವಿಮೆಯ ಅಹವಾಲು ಹೇಳುತ್ತಾರೆ. ಕೆಲವರು "ಈ ಹುಡುಗರಿಗೇನು ತಿಳಿದೀತು" ಎಂದು ಮಾತೇ ಆಡುವುದಿಲ್ಲ. ಎರಡೂ ತಪ್ಪು.

ಇವರು ಯಾರು?

ಇವರು ಕೃಷಿ ಬಿ.ಎಸ್ಸಿ. ಪದವಿಯ ನಾಲ್ಕನೆಯ ವರ್ಷದ ವಿದ್ಯಾರ್ಥಿಗಳು. ನಮ್ಮ ಭಾಗದ ಕೃಷಿ ವಿಶ್ವವಿದ್ಯಾಲಯವು ೧೯೮೬ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ವಿದ್ಯಾರ್ಥಿಗಳು ಪದವಿ ಪಡೆಯುವ ಮೊದಲು ಹಳ್ಳಿಯಲ್ಲಿದ್ದು ರೈತನ ಜೊತೆ ದುಡಿದು ಕಲಿಯಬೇಕು. ಇದಕ್ಕೆ 'ಗ್ರಾಮೀಣ ಕೃಷಿ ಕಾರ್ಯಾನುಭವ' ಎಂದು ಹೆಸರು. ದೇಶದ ಎಲ್ಲ ಕೃಷಿ ವಿಶ್ವವಿದ್ಯಾಲಯಗಳಲ್ಲಿಯೂ ಇಂಥ ಶಿಕ್ಷಣವಿರಬೇಕೆಂದು ರಾಂಧವಾ ಸಮಿತಿಯು ೧೯೯೨ರಲ್ಲಿ ಶಿಫಾರಸು ಮಾಡಿತು. ೨೦೧೫ರ ಜುಲೈ ೨೫ರಂದು ಕೇಂದ್ರ ಸರಕಾರವು ಇದನ್ನು 'ಸ್ಟೂಡೆಂಟ್ ರೆಡಿ' ಯೋಜನೆಯಲ್ಲಿ ಸೇರಿಸಿತು. ಆ ಯೋಜನೆಯಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನಿಂದ ತಿಂಗಳಿಗೆ ೩,೦೦೦ ರೂಪಾಯಿಯಂತೆ ಆರು ತಿಂಗಳವರೆಗೆ ಶಿಷ್ಯವೇತನ ಗೊತ್ತುಮಾಡಲಾಯಿತು.

ಶಿಷ್ಯವೇತನವೆಂದರೆ ಸಂಬಳವಲ್ಲ. ಕಲಿಯುವ ದಿನಗಳಲ್ಲಿ ಊಟಕ್ಕೂ ಓಡಾಟಕ್ಕೂ ಆಧಾರವಾಗಲೆಂದು ಕೊಡುವ ಹಣ. ಅದು ನಿಮ್ಮ ನಮ್ಮ ತೆರಿಗೆಯ ಹಣವೂ ಹೌದು. ವಿದ್ಯಾರ್ಥಿಯು ಪಂಚಾಯತಿ ಕಟ್ಟೆಯ ಮೇಲೆ ಕುಳಿತು ಪುಸ್ತಕ ತುಂಬಿಸಿ ಹೋದರೆ ಹಣವೂ ವ್ಯರ್ಥ, ಹಂಗಾಮೂ ವ್ಯರ್ಥ. ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೂ ಇದೆ.

ನಾವು ಕಲಿಸುವುದೇನು?

ನಾನು ಕೃಷಿ ಡಿಪ್ಲೊಮಾ ಮುಗಿಸಿ ಮೊದಲ ಸಲ ಎರಿ ಹೊಲಕ್ಕೆ ಇಳಿದಾಗ ಬಿತ್ತಿಗೆಯ ಹದ ನನಗೆ ತಿಳಿದಿರಲಿಲ್ಲ. ಹಿರಿಯ ರೈತರೊಬ್ಬರು ಗೇಣುದ್ದ ಕೆದರಿ, ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ, "ಉಂಡಿ ಆಗಬೇಕು, ಕೈಗೆ ಅಂಟಬಾರದು" ಎಂದರು. ಎರಡು ವರ್ಷ ಓದಿದ್ದು ಆ ದಿನ ಅರ್ಥವಾಯಿತು. ವಿದ್ಯಾರ್ಥಿಗೆ ಇಂಥ ಪಾಠ ಬೇಕು.

ಇನ್ನೊಂದು ಮಾತು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಯಾವ ಹೊಲದಲ್ಲಿ ಎಷ್ಟು ದಿನ ನೀರು ನಿಂತಿತು, ಯಾವ ಬದು ಒಡೆಯಿತು ಎಂಬುದು ನಿಮ್ಮ ನೆನಪಿನಲ್ಲಿದೆ. ಈ ವಿದ್ಯಾರ್ಥಿಗಳು ಊರವರನ್ನು ಕೂಡಿಸಿ ಗ್ರಾಮದ ನಕಾಶೆ ಬರೆಯುತ್ತಾರೆ. ಆಗ ಹಿರಿಯರು ಮುಂದೆ ಬಂದು ಇದನ್ನೆಲ್ಲ ತೋರಿಸಿ ಬರೆಸಬೇಕು. ಒಂದು ಪ್ರತಿಯನ್ನು ಪಂಚಾಯತಿಯಲ್ಲಿ ಇಟ್ಟುಕೊಳ್ಳಬೇಕು.

ನಾವು ಪಡೆಯುವುದೇನು?

ಒಂದು ಉದಾಹರಣೆ ಕೊಡುವೆನು. ಕಡಲೆಗೆ ಸಿಡಿ ರೋಗ ಬಂದು ಗಿಡ ನಿಂತಲ್ಲೇ ಒಣಗುವುದು ನಿಮಗೆ ಗೊತ್ತು. ಈ ರೋಗದ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಗಿಡ ಒಣಗಿದ ಮೇಲೆ ಔಷಧಿ ಹೊಡೆದು ಫಲವಿಲ್ಲ. ಬೀಜಕ್ಕೇ ಉಪಚಾರ ಮಾಡಬೇಕು. ಹಿಂಗಾರಿ ಬಿತ್ತಿಗೆಗೆ ವಿದ್ಯಾರ್ಥಿಗಳು ಊರಲ್ಲಿದ್ದರೆ ಅವರಿಂದ ಹೀಗೆ ಮಾಡಿಸಿರಿ:

೧. ಕಿಲೋ ಬೀಜಕ್ಕೆ ೪ ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ನೆರಳಿನಲ್ಲಿ ಆರಿಸಿ, ಹೊಲದ ಒಂದು ಪಟ್ಟಿಯಲ್ಲಿ ಬಿತ್ತಬೇಕು.

೨. ಪಕ್ಕದ ಅಷ್ಟೇ ಅಗಲದ ಪಟ್ಟಿಯಲ್ಲಿ ಉಪಚರಿಸದ ಬೀಜ ಬಿತ್ತಿ ಗೂಟ ನೆಡಬೇಕು.

೩. ವಾರಕ್ಕೊಮ್ಮೆ ಎರಡೂ ಕಡೆ ಸತ್ತ ಗಿಡ ಎಣಿಸಿ ಬರೆಯಬೇಕು. ಎಣಿಸುವಾಗ ನೀವೂ ಜೊತೆಗಿರಬೇಕು.

೪. ಒಕ್ಕಲಿಯಲ್ಲಿ ಎರಡನ್ನೂ ಬೇರೆ ಬೇರೆ ತೂಗಬೇಕು.

ಆಗ ಯಾರ ಮಾತನ್ನೂ ನಂಬಬೇಕಿಲ್ಲ; ತಕ್ಕಡಿಯೇ ಹೇಳುತ್ತದೆ. ಮಣ್ಣು ಪರೀಕ್ಷೆಯ ಮಾದರಿ ತೆಗೆಯುವುದನ್ನೂ ಅವರಿಂದಲೇ ಮನೆಮಂದಿಗೆಲ್ಲ ಕಲಿಸಿಕೊಳ್ಳಬಹುದು.

ನೆನಪಿಡಬೇಕಾದ ನಿಯಮಗಳು

ವಿದ್ಯಾರ್ಥಿಯು ಬಿಟ್ಟಿ ಆಳಲ್ಲ. ಕಳೆ ತೆಗೆಯಲು, ಕುಂಟೆ ಹೊಡೆಯಲು ಅವನೂ ಕೈ ಹಚ್ಚಲಿ, ಆದರೆ ಆಳಿನ ಕೂಲಿ ಉಳಿಸಲು ಅವನನ್ನು ದುಡಿಸಬಾರದು. ಅವನು ಸಾಹೇಬನೂ ಅಲ್ಲ. ಅವನಿಗೆ ಸಾಲ ಕೊಡಿಸುವ ಅಧಿಕಾರವಿಲ್ಲ. ಹೆಣ್ಣುಮಕ್ಕಳು ಬಂದರೆ ಸುರಕ್ಷಿತ ಕೋಣೆ, ಶೌಚಾಲಯ, ಕುಡಿಯುವ ನೀರಿನ ಅನುಕೂಲವನ್ನು ಊರೇ ಮೊದಲು ನೋಡಿಕೊಳ್ಳಬೇಕು. ಅವರು ತಿಳಿಯದ್ದನ್ನು ಕೇಳಿದರೆ ನಗಬಾರದು. ಕೇಳದೆ ಕಲಿತವರಿಲ್ಲ.

ನಮ್ಮೂರಿಗೂ ವಿದ್ಯಾರ್ಥಿಗಳು ಬರಬೇಕೆನ್ನುವವರು ಗ್ರಾಮ ಪಂಚಾಯತಿಯಲ್ಲಿ ವಿಷಯವಿಟ್ಟು, ವಸತಿಯ ಅನುಕೂಲವನ್ನೂ ಕಲಿಸಲು ಒಪ್ಪುವ ರೈತರ ಹೆಸರನ್ನೂ ಬರೆದು ಕೃಷಿ ವಿಶ್ವವಿದ್ಯಾಲಯಕ್ಕೆ ಪತ್ರ ಕಳಿಸಬಹುದು. ರೈತ ಸಂಪರ್ಕ ಕೇಂದ್ರದಲ್ಲಿಯೂ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು.

ರಾಜ್ಯದ ಕೃಷಿ ಪದವಿ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿವೆ. ನಾಳೆ ನಿಮ್ಮ ಮಗಳೋ ಮಗನೋ ಹೀಗೆಯೇ ಚೀಲ ಹೊತ್ತು ಯಾವುದೋ ಊರಿನ ಅಗಸಿಯಲ್ಲಿ ನಿಂತಾರು. ಅವರಿಗೆ ಆ ಊರಿನವರು ಏನು ಮಾಡಲಿ ಎಂದು ನೀವು ಬಯಸುವಿರೋ, ಅದನ್ನೇ ಇಂದು ನಮ್ಮೂರಿಗೆ ಬಂದವರಿಗೆ ಮಾಡೋಣ.