ಕಾಣೆಯಾದ ಸಮಾಧಿ: ಆಕರಗಳನ್ನು ಓದುವ ಒಂದು ಪಾಠ

ಚರಿತ್ರೆಯ ಆಕರಗಳನ್ನು ಸ್ಥೂಲವಾಗಿ ಬರೆಹ, ಅವಶೇಷ, ಐತಿಹ್ಯ ಎಂದು ಮೂರಾಗಿ ವಿಂಗಡಿಸಬಹುದು. ಮೂರೂ ಒಂದೇ ಮಾತನ್ನು ಹೇಳಿದಾಗ ನಿರ್ಣಯ ಸುಲಭ. ಬರೆಹ ಉಳಿದು ಅವಶೇಷ ಅಳಿದಾಗ, ಅಥವಾ ಅವಶೇಷಕ್ಕೆ ಐತಿಹ್ಯವು ಬೇರೊಬ್ಬನ ಹೆಸರನ್ನಿಟ್ಟಾಗ ಅಧ್ಯಯನಕಾರನ ನಿಜವಾದ ಕೆಲಸ ಆರಂಭವಾಗುತ್ತದೆ. ಅಲೆಕ್ಸಾಂಡರನ ಸಮಾಧಿಯ ಶೋಧವು ಇದಕ್ಕೆ ಒಳ್ಳೆಯ ನಿದರ್ಶನ.

ಅಲೆಕ್ಸಾಂಡರನು ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ಮಡಿದನು. ಅವನ ಶವವನ್ನು ಹೊತ್ತು ಹೊರಟ ರಥವನ್ನು ಸೇನಾನಿ ಟಾಲೆಮಿಯು ಈಜಿಪ್ಟಿಗೆ ಒಯ್ದನು. ಮಡಿದ ಅರಸನ ದೇಹವನ್ನು ಕಾಯುವುದು ಹೊಸ ಅರಸೊತ್ತಿಗೆಗೆ ಮನ್ನಣೆಯನ್ನು ತರುತ್ತಿತ್ತು. ಮೊದಲು ಮೆಂಫಿಸಿನಲ್ಲಿದ್ದ ದೇಹವು ಬಳಿಕ ಅಲೆಕ್ಸಾಂಡ್ರಿಯ ನಗರವನ್ನು ಸೇರಿತು.

ಈ ಸಮಾಧಿ ಕಲ್ಪಿತವಲ್ಲ. ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಆ ನಗರದಲ್ಲಿ ವಾಸಿಸಿದ್ದ ಭೂಗೋಳಕಾರ ಸ್ಟ್ರಾಬೊ, ಅದು ಅರಮನೆಯ ಆವರಣದಲ್ಲಿತ್ತೆಂದು ಬರೆಯುತ್ತಾನೆ. ಚಿನ್ನದ ಪೆಟ್ಟಿಗೆಯನ್ನು ಒಬ್ಬ ಅರಸನು ದೋಚಿದ್ದರಿಂದ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಲಾಗಿತ್ತೆಂದೂ ಹೇಳುತ್ತಾನೆ. ರೋಮಿನ ಅಗಸ್ಟಸ್ ಕ್ರಿ.ಪೂ. 30ರಲ್ಲಿಯೂ ಕ್ಯಾರಕಲ್ಲ ಕ್ರಿ.ಶ. 215ರಲ್ಲಿಯೂ ಅಲ್ಲಿಗೆ ಭೇಟಿಯಿತ್ತರು. ಆ ಬಳಿಕ ದಾಖಲೆಗಳು ಮೌನವಾಗುತ್ತವೆ. ನಾಲ್ಕನೆಯ ಶತಮಾನದ ಅಂತ್ಯದ ವೇಳೆಗೆ ಧರ್ಮೋಪದೇಶಕ ಜಾನ್ ಕ್ರಿಸೋಸ್ಟಮನು ಆ ಸಮಾಧಿ ಎಲ್ಲಿದೆಯೆಂದು ಕೇಳುತ್ತಾನೆ. ಅವನ ಉದ್ದೇಶ ಸ್ಥಳನಿರ್ದೇಶವಲ್ಲ, ಲೌಕಿಕ ವೈಭವದ ನಶ್ವರತೆಯ ಬೋಧನೆ. ಒಂದೇ ವಿಷಯವನ್ನು ಕುರಿತ ಎರಡು ಬರೆಹಗಳಿಗೆ ಒಂದೇ ತೂಕವಿಲ್ಲವೆಂಬುದು ಇಲ್ಲಿ ಸ್ಪಷ್ಟ.

ಈಗ ಐತಿಹ್ಯದ ಮಾತು. ಅಲೆಕ್ಸಾಂಡ್ರಿಯದ ಅತ್ತಾರಿನ್ ಮಸೀದಿಯಲ್ಲಿ ಒಂದು ಬೃಹತ್ ಶಿಲಾಶವಪೆಟ್ಟಿಗೆಯಿತ್ತು. ನೆಪೋಲಿಯನ್ನನ ದಂಡಯಾತ್ರೆಯ ಕಾಲದಲ್ಲಿ ಫ್ರೆಂಚರ ವಶವಾದ ಅದು 1801ರಲ್ಲಿ ಬ್ರಿಟಿಷರ ಕೈಸೇರಿತು. ಅದು ಅಲೆಕ್ಸಾಂಡರನದೇ ಎಂದು ವಾದಿಸಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ 1805ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಪೆಟ್ಟಿಗೆಯ ಮೈತುಂಬ ಚಿತ್ರಲಿಪಿಯಿತ್ತು, ಆದರೆ ಆಗ ಅದನ್ನು ಓದಬಲ್ಲವರಿರಲಿಲ್ಲ. ಅದೇ ಕೊಳ್ಳೆಯೊಡನೆ ಲಂಡನ್ನಿಗೆ ಬಂದ ರೊಸೆಟ್ಟಾ ಶಿಲೆಯ ನೆರವಿನಿಂದ ಶಾಂಪೋಲಿಯನ್ 1822ರಲ್ಲಿ ಆ ಲಿಪಿಯ ರಹಸ್ಯವನ್ನು ಬಿಡಿಸಿದನು. ಅನಂತರ ಪೆಟ್ಟಿಗೆಯ ಮೇಲೆ ಓದಲಾದ ಹೆಸರು ಈಜಿಪ್ಟಿನ ಅರಸ ಎರಡನೆಯ ನೆಕ್ಟಾನೆಬೊನದು.

ಇಲ್ಲಿಯೂ ಎಚ್ಚರ ಬೇಕು. ಪೆಟ್ಟಿಗೆಯನ್ನು ಯಾರಿಗಾಗಿ ಕಡೆದರೆಂಬುದನ್ನು ಲಿಪಿಯು ತಿಳಿಸುತ್ತದೆ. ಅದರಲ್ಲಿ ಯಾರು ಮಲಗಿದ್ದರೆಂಬುದನ್ನಲ್ಲ. ನೆಕ್ಟಾನೆಬೊ ಪರ್ಷಿಯನ್ನರಿಗೆ ಸೋತು ದೇಶಬಿಟ್ಟವನು. ಬರಿದಾಗಿ ಉಳಿದ ಆ ಪೆಟ್ಟಿಗೆಯನ್ನು ಟಾಲೆಮಿಯು ಬಳಸಿರಬಹುದೆಂದು ಊಹಿಸುವವರೂ ಇದ್ದಾರೆ. ಊಹೆ ಅಸಂಭವವಲ್ಲ, ಆದರೆ ಸಂಭವವು ಪ್ರಮಾಣವಾಗದು.

ಶಾಸನವನ್ನೂ ಸ್ಥಳಪುರಾಣವನ್ನೂ ಜೊತೆಯಲ್ಲಿಟ್ಟು ಓದುವ ಸಾಹಿತ್ಯ ವಿದ್ಯಾರ್ಥಿಗೆ ಈ ವಿವೇಕ ಅಗತ್ಯ. ಬರೆದವನು ಕಂಡು ಬರೆದನೇ, ಕೇಳಿ ಬರೆದನೇ? ಯಾವ ಕಾಲದಲ್ಲಿ, ಯಾವ ಉದ್ದೇಶದಿಂದ ಬರೆದನು? ಆಕರವು ಹೇಳಿರುವುದೆಷ್ಟು, ನಾವು ಸೇರಿಸಿದುದೆಷ್ಟು? ಸಮಾಧಿ ಇಂದಿಗೂ ದೊರೆತಿಲ್ಲ. ಆದರೂ ಈ ಶೋಧವು ವ್ಯರ್ಥವಲ್ಲ, ಯಾವುದನ್ನು ನಂಬಬಾರದೆಂಬ ತಿಳಿವೂ ಜ್ಞಾನವೇ.

ಅಭ್ಯಾಸ
1. ಸ್ಟ್ರಾಬೊ ಮತ್ತು ಕ್ರಿಸೋಸ್ಟಮರ ಮಾತುಗಳನ್ನು ಆಕರಗಳಾಗಿ ಹೋಲಿಸಿರಿ.
2. ನಿಮ್ಮ ಊರಿನ ಒಂದು ಐತಿಹ್ಯವನ್ನು ಈ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿರಿ.