ಮನೆಯ ದೀಪಗಳಿಗೆ ತಕ್ಕ ಕಿರಣಕೋನ: ಎಲ್.ಇ.ಡಿ. ಬಲ್ಬುಗಳ ಆಯ್ಕೆ

2015ರ ಜನವರಿ 5ರಂದು ಕೇಂದ್ರ ಸರ್ಕಾರವು ಆರಂಭಿಸಿದ ಉಜಾಲಾ ಯೋಜನೆಯ ಅಡಿಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್.ಇ.ಡಿ. ಬಲ್ಬುಗಳು ವಿತರಣೆಯಾಗಿವೆ. ಹಿಂದೆ 60 ವ್ಯಾಟ್‌ನ ಟಂಗ್‌ಸ್ಟನ್ ಬಲ್ಬು ನೀಡುತ್ತಿದ್ದಷ್ಟು ಬೆಳಕನ್ನು ಇಂದು 7ರಿಂದ 9 ವ್ಯಾಟ್‌ನ ಎಲ್.ಇ.ಡಿ. ಬಲ್ಬು ನೀಡಬಲ್ಲದು. ಆದರೂ ಬಲ್ಬು ಕಣ್ಣು ಕೋರೈಸುತ್ತದೆ, ಕೋಣೆ ಮಾತ್ರ ಮಂಕಾಗಿದೆ ಎಂಬ ದೂರು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಆಗ ಇನ್ನೂ ಹೆಚ್ಚು ವ್ಯಾಟ್‌ನ ಬಲ್ಬನ್ನು ಅಥವಾ ಮತ್ತೊಂದು ದೀಪವನ್ನು ಹಾಕಿಸಲಾಗುತ್ತದೆ. ಉಳಿತಾಯವಾದ ವಿದ್ಯುತ್ತು ಹೀಗೆ ಪುನಃ ವ್ಯಯವಾಗುತ್ತದೆ. ಬೆಳಕು ಎತ್ತ ಬೀಳುತ್ತದೆ ಎಂಬುದನ್ನು ಖರೀದಿಗೆ ಮುನ್ನ ಗಮನಿಸಿದರೆ ಈ ನಷ್ಟವನ್ನು ತಪ್ಪಿಸಬಹುದು.

ಕಿರಣಕೋನ ಎಂದರೇನು?

ಟಂಗ್‌ಸ್ಟನ್ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಎಲ್.ಇ.ಡಿ. ಬಲ್ಬಿನಲ್ಲಿ ಬೆಳಕು ಸೂಸುವ ಚಿಕ್ಕ ಚಿಪ್ಪುಗಳನ್ನು ಸಾಮಾನ್ಯವಾಗಿ ಒಂದು ಚಪ್ಪಟೆ ತಟ್ಟೆಯ ಮೇಲೆ ಕೂರಿಸಿರುತ್ತಾರೆ. ಆದ್ದರಿಂದ ಬೆಳಕು ಮುಂದಕ್ಕೆ ಮಾತ್ರ ಹೊರಡುತ್ತದೆ. ಬಿಳಿಯ ಗುಮ್ಮಟವು ಅದನ್ನು ಪಕ್ಕಗಳಿಗೆ ಹರಡುತ್ತದೆ. ಮಸೂರ ಅಥವಾ ಪ್ರತಿಫಲಕವು ಅದನ್ನು ಒಂದೆಡೆಗೆ ಕೂಡಿಸುತ್ತದೆ. ನಡುರೇಖೆಯಲ್ಲಿ ಬೆಳಕಿನ ತೀವ್ರತೆ ಎಷ್ಟಿದೆಯೋ ಅದರ ಅರ್ಧಕ್ಕೆ ಇಳಿಯುವ ಎರಡು ಬದಿಯ ದಿಕ್ಕುಗಳ ನಡುವಣ ಕೋನಕ್ಕೆ ಕಿರಣಕೋನ ಎಂದು ಹೆಸರು. ಪೊಟ್ಟಣದ ಮೇಲೆ ಇದನ್ನು 'ಬೀಮ್ ಆಂಗಲ್' ಎಂದು ಡಿಗ್ರಿಗಳಲ್ಲಿ ನಮೂದಿಸಿರುತ್ತಾರೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಚಾವಣಿಯ ದೀಪಕ್ಕೂ ಮೇಜಿಗೂ ನಡುವೆ 7 ಅಡಿ ಅಂತರವಿದೆ ಎಂದಿಟ್ಟುಕೊಳ್ಳೋಣ. 24 ಡಿಗ್ರಿಯ ದೀಪವು ಸುಮಾರು 3 ಅಡಿ ವ್ಯಾಸದ ವೃತ್ತವನ್ನು ಬೆಳಗುತ್ತದೆ. 36 ಡಿಗ್ರಿಯದು ಸುಮಾರು ನಾಲ್ಕೂವರೆ ಅಡಿ, 60 ಡಿಗ್ರಿಯದು ಸುಮಾರು 8 ಅಡಿ ವ್ಯಾಸವನ್ನು ಬೆಳಗುತ್ತವೆ. 24 ಡಿಗ್ರಿಗೆ ಹೋಲಿಸಿದರೆ 60 ಡಿಗ್ರಿಯ ದೀಪ ಬೆಳಗುವ ವಿಸ್ತೀರ್ಣ 7 ಪಟ್ಟಿಗೂ ಹೆಚ್ಚು. ಎರಡರ ಲ್ಯೂಮೆನ್ ಸಮನಾಗಿದ್ದರೆ, ಕಿರಿದಾದ ಕೋನದ ದೀಪವು ಚಿಕ್ಕ ಜಾಗವನ್ನು ಬಹಳ ಪ್ರಖರವಾಗಿ ಬೆಳಗಿ, ಉಳಿದ ಭಾಗವನ್ನು ಮಬ್ಬಿನಲ್ಲಿ ಬಿಡುತ್ತದೆ.

ಯಾವ ಸ್ಥಳಕ್ಕೆ ಯಾವ ಕೋನ?

ಗೋಡೆಯ ಹೋಲ್ಡರು: ಗೋಡೆಗೆ ನೇರವಾಗಿ ಹೊಂದಿಸಿದ ಹೋಲ್ಡರಿನಲ್ಲಿ ಬಲ್ಬಿನ ಮುಖವು ಎದುರು ಗೋಡೆಯತ್ತ ಇರುತ್ತದೆ. ಬಲ್ಬಿನ ಬುಡದ ಅರ್ಧಭಾಗ ಬೆಳಕು ಬಿಡದ ಪ್ಲಾಸ್ಟಿಕ್ಕಿನದಾಗಿದ್ದರೆ, ಗೋಡೆಯ ಪಕ್ಕದಲ್ಲೇ ಕುಳಿತು ಓದುವವರಿಗೆ ಬೆಳಕು ಸಾಲದು. ಇಲ್ಲಿ 180 ಡಿಗ್ರಿಗೂ ಹೆಚ್ಚು ಹರಹುಳ್ಳ ಬಲ್ಬು ಅಥವಾ ಕೆಳಕ್ಕೆ ಓರೆಯಾದ ಹೋಲ್ಡರು ಉಚಿತ.

ಅಡುಗೆಮನೆ: ಕಟ್ಟೆಯ ಮೇಲೆ ಸಮನಾದ ಬೆಳಕು ಬೇಕು. ಚಾವಣಿಯೊಳಗೆ ಅಳವಡಿಸುವ ದೀಪಗಳಿಗೆ 60 ಡಿಗ್ರಿ ಅಥವಾ ಅದಕ್ಕೂ ಅಗಲವಾದ ಕೋನ ಯೋಗ್ಯ. ದೀಪವು ಬೆನ್ನ ಹಿಂದಿದ್ದರೆ ತರಕಾರಿ ಹೆಚ್ಚುವವರ ನೆರಳು ಅವರ ಕೈಗಳ ಮೇಲೆಯೇ ಬೀಳುತ್ತದೆ. ಇದರಿಂದ ಕೈ ಕೊಯ್ದುಕೊಳ್ಳುವ ಅಪಾಯವಿದೆ. ದೀಪವು ಕಟ್ಟೆಯ ಅಂಚಿನ ಮೇಲ್ಭಾಗಕ್ಕೆ ಬರುವಂತಿರಬೇಕು.

ಮೆಟ್ಟಿಲು ಮತ್ತು ನಡುವಣ ಹಾದಿ: ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರದ ಪಾರದರ್ಶಕತೆ ಕುಗ್ಗುತ್ತದೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ವೃದ್ಧರಿಗೆ ಹೆಚ್ಚು ಸಮಯ ಬೇಕಾಗುತ್ತದೆ. ಕಿರಿದಾದ ಕೋನದ ದೀಪಗಳನ್ನು ದೂರ ದೂರ ಹಾಕಿದರೆ ಬೆಳಕು ಮತ್ತು ನೆರಳಿನ ಪಟ್ಟೆಗಳು ಮೂಡಿ, ಮೆಟ್ಟಿಲಿನ ಅಂಚು ಕಾಣದೆ ಅವರು ಎಡವಿ ಬೀಳುವ ಸಂಭವವಿದೆ. ಇಲ್ಲಿ ಸುಮಾರು 120 ಡಿಗ್ರಿಯ, ಬಿಳಿ ಮುಚ್ಚಳದ ದೀಪವನ್ನೇ ಬಳಸಬೇಕು. ಮನೆಯ ಇತರ ಕಡೆ ಅಂದಕ್ಕೆ ಪ್ರಾಶಸ್ತ್ಯ ನೀಡಬಹುದು. ಮೆಟ್ಟಿಲಿನಲ್ಲಿ ಸುರಕ್ಷತೆಯೇ ಮುಖ್ಯ.

ದೇವರ ಪೀಠ, ಚಿತ್ರಪಟ: ಇಂತಹ ಸ್ಥಳಗಳಿಗೆ 24ರಿಂದ 36 ಡಿಗ್ರಿಯ ಕಡಿಮೆ ವ್ಯಾಟ್‌ನ ದೀಪ ಸಾಕು.

ಬಟ್ಟೆಯ ಮುಸುಕುಳ್ಳ ಮೇಜುದೀಪ, ತೂಗುದೀಪ: ಇವು ಸುತ್ತಲೂ ಬೆಳಕು ಚೆಲ್ಲುವ ಬಲ್ಬಿಗಾಗಿ ರೂಪಿಸಿದವು. ಪಾರದರ್ಶಕ ಗಾಜಿನೊಳಗೆ ಎಳೆಗಳಂತೆ ಎಲ್.ಇ.ಡಿ. ಜೋಡಿಸಿದ ಬಲ್ಬುಗಳು ಇವುಗಳಿಗೆ ಹೊಂದುತ್ತವೆ.

ಬಾಡಿಗೆ ಮನೆಗಳಲ್ಲಿ

ಮುಂಬಯಿ, ಪುಣೆ, ದೆಹಲಿಯಂತಹ ನಗರಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿದ ಅನೇಕ ಕುಟುಂಬಗಳು ಬಾಡಿಗೆ ಮನೆಗಳಲ್ಲಿವೆ. ಇವರು ಗೋಡೆ ಕೊರೆದು ದೀಪದ ಸ್ಥಾನ ಬದಲಿಸುವುದು ಕಷ್ಟ. ಆದರೆ ಇರುವ ಹೋಲ್ಡರಿಗೇ ತಕ್ಕ ಕೋನದ ಬಲ್ಬನ್ನು ಆರಿಸುವ ಅವಕಾಶವಿದೆ. ಮನೆ ಬದಲಿಸುವಾಗ ಆ ಬಲ್ಬನ್ನು ಜೊತೆಯಲ್ಲಿ ಒಯ್ಯಲೂಬಹುದು.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

1. ಮೊದಲು ಕೆಲಸ ಮಾಡುವ ಸ್ಥಳಕ್ಕೂ ದೀಪಕ್ಕೂ ಇರುವ ಅಂತರವನ್ನು ಅಳೆಯಬೇಕು.

2. ವ್ಯಾಟ್ ಎಂಬುದು ಬಳಕೆಯಾಗುವ ವಿದ್ಯುತ್ತಿನ ಅಳತೆ. ಬೆಳಕಿನ ಪ್ರಮಾಣಕ್ಕೆ ಲ್ಯೂಮೆನ್, ಅದರ ಹರಹಿಗೆ ಕಿರಣಕೋನ. ಈ ಎರಡನ್ನೂ ಒಟ್ಟಿಗೆ ನೋಡಬೇಕು.

3. ಕೋನವನ್ನು ನಮೂದಿಸದಿದ್ದಲ್ಲಿ ಬಲ್ಬಿನ ಆಕಾರವನ್ನು ಗಮನಿಸಬೇಕು. ಚಿಕ್ಕ ಮಸೂರವಿದ್ದರೆ ಕೋನ ಸಾಮಾನ್ಯವಾಗಿ ಕಿರಿದು. ದೊಡ್ಡ ಬಿಳಿಯ ಗುಮ್ಮಟವಿದ್ದರೆ ಅಗಲ.

4. ಭಾರತೀಯ ಮಾನಕ ಬ್ಯೂರೊದ ನೋಂದಣಿ ಗುರುತು ಮತ್ತು ಇಂಧನ ದಕ್ಷತಾ ಬ್ಯೂರೊದ ನಕ್ಷತ್ರ ಚೀಟಿ ಇವೆಯೇ ಎಂದು ಪರಿಶೀಲಿಸಬೇಕು.

5. ಪೂರ್ತಿ ಮುಚ್ಚಿದ ಗಾಜಿನ ಬುರುಡೆಯೊಳಗೆ ಬಿಸಿ ಹೊರಹೋಗದೆ ಬಲ್ಬಿನ ಬಾಳಿಕೆ ತಗ್ಗುತ್ತದೆ. ಅಂತಹ ಕಡೆಗೆ ಯೋಗ್ಯವೆಂದು ತಯಾರಕರು ಸೂಚಿಸಿದ ಬಲ್ಬನ್ನೇ ಬಳಸಬೇಕು.

6. ಬಲ್ಬು ಬದಲಿಸುವ ಮುನ್ನ ಸ್ವಿಚ್ಚನ್ನು ಆರಿಸಬೇಕು.

ಒಂದೇ ಬಗೆಯ ಅನೇಕ ದೀಪಗಳನ್ನು ಕೊಳ್ಳುವ ಮೊದಲು ಒಂದನ್ನು ಮಾತ್ರ ತಂದು ರಾತ್ರಿ ಉರಿಸಿ ನೋಡುವುದು ಲೇಸು. ದಿನಪತ್ರಿಕೆಯನ್ನು ಮೇಜಿನ ನಡುವೆಯೂ ಅಂಚಿನಲ್ಲಿಯೂ ಇರಿಸಿ, ಮನೆಯ ಹಿರಿಯರಿಂದ ಓದಿಸಬೇಕು. ಎರಡೂ ಕಡೆ ಅವರು ತಡವರಿಸದೆ ಓದಬಲ್ಲರಾದರೆ ಆ ದೀಪವು ಆ ಕೋಣೆಗೆ ತಕ್ಕುದೆಂದು ತಿಳಿಯಬಹುದು.